ನೀರು ಹೆಚ್ಚಾದ ಆಸಿಡ್

ಕ್ಷಯದ ಕ್ರಿಮಿ ಮಹಾ ಮೊಂಡು. ಕಫವನ್ನು ಗಾಜಿಗೆ ಸವರಿ, ಕೆಂಪು ಬಣ್ಣ ಹೊಯ್ದು ಬಿಸಿ ಮಾಡಿ, ಆಮೇಲೆ ಆಸಿಡ್ಡಿನಲ್ಲಿ ತೊಳೆದರೆ ಉಳಿದೆಲ್ಲವೂ ಬಣ್ಣ ಬಿಡುತ್ತದೆ, ಅದೊಂದು ಬಿಡುವುದಿಲ್ಲ. ಕೊನೆಗೆ ನೀಲಿ ಹಾಕಿ ನೋಡಿದರೆ ನೀಲಿಯ ನಡುವೆ ಕೆಂಪು ಕಡ್ಡಿಗಳು. ಕುಮಟಾದ ಲ್ಯಾಬೊಂದರಲ್ಲಿ ಹನ್ನೊಂದು ವರ್ಷ ನಾನು ಮಾಡಿದ್ದು ಇದನ್ನೇ. ಬಾಡಿಗೆ ಕೋಣೆಗೆ ಮರಳಿದರೆ ಬೆರಳೇಕೆ ಕೆಂಪಾಗಿದೆ ಎಂದು ಕೇಳುವವರೂ ಇರಲಿಲ್ಲ.

2003ರ ಮಳೆಗಾಲದಲ್ಲಿ ಆಸಿಡ್ ಮುಗಿಯುತ್ತ ಬಂತು. ಹುಬ್ಬಳ್ಳಿಯಿಂದ ಹೊಸ ಬಾಟಲಿ ಬರುವವರೆಗೆ ಸುಧಾರಿಸೋಣವೆಂದು, ನೆಂಟರು ಬಂದಾಗ ಸಾರಿಗೆ ನೀರು ಹೊಯ್ಯುವ ಹಾಗೆ, ಇದ್ದುದಕ್ಕೇ ನೀರು ಬೆರೆಸಿದೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ. ಮೀನು ಮಾರುವ ಕಮಲಿಯ ಕಫ ಬಂದದ್ದು ಅದೇ ವಾರ. ಮೂರು ಸ್ಲೈಡಿನಲ್ಲೂ ಕೆಂಪು ಕಂಡಿತು. ಕ್ಷಯ ಇದೆ ಎಂದು ಬರೆದುಕೊಟ್ಟೆ.

ಹೊಸ ಆಸಿಡ್ ಬಂದ ಮೇಲೆ ಸಂಶಯ ಹುಟ್ಟಿ, ಎತ್ತಿಟ್ಟಿದ್ದ ಆ ಸ್ಲೈಡುಗಳನ್ನು ಇನ್ನೊಮ್ಮೆ ತೊಳೆದೆ. ಕೆಂಪು ಪೂರ್ತಿ ಹೋಯಿತು. ನೀರು ಹೆಚ್ಚಾದ ಆಸಿಡ್ ಉಳಿದವುಗಳ ಬಣ್ಣವನ್ನೂ ಬಿಡಿಸಿರಲಿಲ್ಲ.

ಮರುದಿನವೇ ಅವಳನ್ನು ಹುಡುಕಿಕೊಂಡು ಹೋದೆ. ಗಂಡ ಸತ್ತ ಮೇಲೆ ತಮ್ಮ ದಿನೇಶನ ಮನೆಯಲ್ಲಿದ್ದವಳನ್ನು, ರಿಪೋರ್ಟ್ ಬಂದದ್ದೇ ಬಲೆ ಇಡುವ ಕೊಟ್ಟಿಗೆಗೆ ಕಳಿಸಿದ್ದರು. ತಪ್ಪು ನನ್ನದು, ನಿನಗೆ ಕ್ಷಯ ಇರಲಿಕ್ಕಿಲ್ಲ ಎಂದೆ. ಬೈದರೆ ಬೈಯಲಿ ಎಂದು ಕಾದೆ.

ಕಮಲಿ ದನಿ ತಗ್ಗಿಸಿದಳು. "ಅಕ್ಕೋರೇ, ಯಾರಿಗೂ ಹೇಳ್ಬೇಡಿ."

"ಎಂತಕ್ಕೆ?"

"ಗುಳಿಗೆ ನುಂಗೂದ್ ನೋಡೂಕೆ ಎದುರಿಗೆ ಒಬ್ರು ಇರ್ಬೇಕು ಅಂದಾರಲ, ಅದ್ಕೆ ದಿನೇಶ ದಿನ ಬಿಟ್ಟು ದಿನ ಬತ್ತ. ಬಾಗಿಲಲ್ಲಿ ಕೂತು ಮಾತಾಡ್ತ. ಮನೆ ಒಳಗೆ ಆರು ವರ್ಷ ಇದ್ದೆ, ಉಂಡ್ಯಾ ಅಂತ್ಲೂ ಕೇಳ್ದವ ಅಲ್ಲ."

ಸುಳ್ಳು ಯಾಕೆ, ನನಗೆ ಹೊಟ್ಟೆಕಿಚ್ಚಾಯಿತು. ಆದರೆ ಇಲ್ಲದ ರೋಗಕ್ಕೆ ಆರು ತಿಂಗಳು ಗುಳಿಗೆ ನುಂಗಿದರೆ ಲಿವರ್ ಹಾಳಾದೀತು. ಅಷ್ಟರಲ್ಲಿ ದಿನೇಶ ಬಂದ. ನಡೆದದ್ದನ್ನು ಹೇಳಿ, ಡಾಕ್ಟರಿಗೆ ತೋರಿಸಿ ಗುಳಿಗೆ ನಿಲ್ಲಿಸಿ ಎಂದೆ.

ಅವನು ಸಿಟ್ಟಾಗಲಿಲ್ಲ, ಮುಖ ಅರಳಿತು. "ಹಂಗಾರೆ ನಾ ಬಂದು ಕೂರೂದು ತಪ್ತು" ಎಂದ. ಅಕ್ಕನಿಗೆ ಒಳಗೇ ಬಂದಿರಲು ಹೇಳಿ, ನಿಲ್ಲದೆ ಹೊರಟುಹೋದ.

ಕಮಲಿ ಚಾಪೆ ಸುತ್ತತೊಡಗಿದಳು. ತಪ್ಪಾಯಿತು ಎಂದು ಮತ್ತೊಮ್ಮೆ ಹೇಳಿದೆ.

"ಆತು, ಬಿಡಿ ಅಕ್ಕೋರೇ" ಎಂದಳು. "ಇನ್ನು ಒಳಗೆ ಹೋಗಿ ಮತ್ತೆ ಒಬ್ಳೇ ಇರೂದು."