ಉಳಿಸಿಕೊಂಡ ಬಲ

"ಎದೆ ಬಡ್ಕೊಳ್ಳೇ, ಅಳೇ ತಾಯಿ. ನಿಮ್ಮಪ್ಪ ಹೊರಟ," ಎನ್ನುತ್ತ ನೆರೆಮನೆಯ ಅಬ್ರೆಹೆತ್ ಮಿಹ್ರೆತಳ ಎರಡೂ ಕೈ ಹಿಡಿದು ಎದೆಗೆ ಬಡಿಸುತ್ತಿದ್ದಳು. ಎರಿಟ್ರಿಯಾದ ಅಸ್ಮಾರದ ಆ ಓಣಿಯಲ್ಲಿ ಸಾವಿಗೆಂದು ಹಾಕಿದ್ದ ಡೇರೆಯಿಂದ ಅವಳ ಅಪ್ಪ ಜೆರೈಯ ಶವಪೆಟ್ಟಿಗೆ ಇಗರ್ಜಿಯ ಕಡೆ ಹೊರಟಿತ್ತು. ಹೆಂಗಸರು ಅವನ ಗುಣ ಹೇಳಿ ಹೇಳಿ ಅಳುತ್ತಿದ್ದರು. ಮಗಳ ಕಣ್ಣು ಮಾತ್ರ ಒಣಗಿತ್ತು.

"ಸೈಕಲ್ ಓಡ್ಸೋಳಲ್ವಾ," ಹಿಂದೆ ಯಾರೋ ಪಿಸುಗುಟ್ಟಿದರು. "ಕಣ್ಣೀರನ್ನೂ ರೇಸಿಗೆ ಉಳಿಸ್ಕೊಂಡಿದಾಳೆ."

ಆ ಮಾತು ಮಿಹ್ರೆತಳ ಕರುಳಿಗೇ ತಾಗಿತು. 'ಉಳಿಸ್ಕೋಬೇಡ' ಎಂದು ಬೈಯುವುದರಲ್ಲೇ ಜೆರೈಯ ಜೀವಮಾನ ಕಳೆದಿತ್ತು. ನೆಲಕ್ಕೆ ಬಿಗಿದ ಪರೀಕ್ಷೆಯ ಸೈಕಲ್ಲಿನ ಚಕ್ರ ಭಾರವಾಗುವಂತೆ ಅದಕ್ಕೆ ತೂಕ ಇಳಿಬಿಟ್ಟು, ರೇಸಿನ ಸವಾರರಿಂದ ಅರ್ಧ ನಿಮಿಷ ಇದ್ದಬದ್ದ ಬಲವನ್ನೆಲ್ಲ ಹಾಕಿ ತುಳಿಸುವುದು ಅವನ ಕೆಲಸ. ಮೊದಲು ಎಷ್ಟು ಬಲ, ಕೊನೆಗೆ ಎಷ್ಟು ಕುಸಿಯಿತು ಎಂದು ಅಳೆಯುತ್ತಿದ್ದ. ಇಳಿದವರು ವಾಂತಿ ಮಾಡಿಕೊಂಡರೆ ಬೆನ್ನು ಸವರುತ್ತಿದ್ದ. ಬಲ ಉಳಿಸಿಕೊಂಡು ಕಳ್ಳಾಟ ಆಡಿದವರನ್ನು ಮಾತ್ರ ಸುಮ್ಮನೆ ಬಿಡುತ್ತಿರಲಿಲ್ಲ.

*

ಹಿಂದಿನ ದಿನ ಕಳ್ಳಾಟ ಆಡಿದ್ದು ಅವಳೇ. ಕುಸಿತ ಕಡಿಮೆ ಕಂಡರೆ ತಂಡಕ್ಕೆ ಆರಿಸುತ್ತಾರೆಂದು ಮೊದಲಿನಿಂದಲೇ ಬಲ ಬಿಗಿಹಿಡಿದು ತುಳಿದಳು.

"ಇಳಿಯೇ ಕಳ್ಳಿ," ಅಂದ ಜೆರೈ. "ಬೇರೆಯವ್ರ ಕಣ್ಣಿಗೆ ಮಣ್ಣೆರಚು, ನನಗಲ್ಲ."

"ಎಲ್ರೂ ಹಂಗೇ ಮಾಡ್ತಾರಪ್ಪ. ಬೇಕಾದ್ರೆ ನೀನೇ ತುಳಿದು ತೋರ್ಸು."

ಅವನು ಕೋಟು ಬಿಚ್ಚಿದ. ಅವನ ಹೃದಯಕ್ಕೆ ಮೆಟ್ಟಿಲು ಹತ್ತುವುದೂ ಬೇಡವೆಂದು ವೈದ್ಯರು ಹೇಳಿದ್ದು ಅವಳಿಗೆ ಗೊತ್ತಿತ್ತು. ಆದರೂ ಹಟ ಬಿಡಲಿಲ್ಲ.

"ತೂಕ ಬಿಡು," ಎಂದ. ಬಿಟ್ಟಳು. ಹರೆಯದ ಹುಡುಗನ ಹಾಗೆ ಹಲ್ಲು ಕಚ್ಚಿ ತುಳಿದ. ಅರ್ಧಕ್ಕೇ ಹ್ಯಾಂಡಲ್ ಮೇಲೆ ತಲೆಯಿಟ್ಟ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕುರ್ಚಿಯಲ್ಲಿ ಕೂತಿದ್ದಂತೆಯೇ ಹೋದ ಎಂದು ಅವಳು ಎಲ್ಲರಿಗೂ ಹೇಳಿದಳು.

*

ಮಣ್ಣು ಮಾಡಿ ಬಂದ ಮೇಲೆ ಡೇರೆಯಲ್ಲಿ ಊಟಕ್ಕೆ ಕೂರಿಸಿದರು. ಮಿಹ್ರೆತ್ ತುತ್ತು ಮುಟ್ಟಲಿಲ್ಲ. ತಾಯಿ ಲೆತೆಬ್ರಾನ್ ಅವಳನ್ನು ತನ್ನ ಬಿಳಿಯ ಹೊದಿಕೆಯೊಳಕ್ಕೆ ಎಳೆದುಕೊಂಡಳು.

"ಪುಣ್ಯವಂತ್ರು ಕಣೇ. ನೋವಿಲ್ದೆ ಕೂತಲ್ಲೇ ಹೋದ್ರಲ್ಲ, ನನಗೆ ಅದೊಂದೇ ಸಮಾಧಾನ."

ತಾಯಿಯ ಈ ಮಾತನ್ನು ಜೀವಮಾನವಿಡೀ ಕೇಳುತ್ತಿರಬೇಕಲ್ಲ ಎಂದು ಮಿಹ್ರೆತಳಿಗೆ ಹೆದರಿಕೆಯಾಯಿತು.

"ಕುರ್ಚಿ ಮೇಲಲ್ಲಮ್ಮ," ಎಂದು ಶುರುಮಾಡಿ, ಒಂದನ್ನೂ ಬಿಡದೆ ಎಲ್ಲವನ್ನೂ ಹೇಳಿದಳು.

ಲೆತೆಬ್ರಾನ್ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು.

"ತೂಕ ಬಿಟ್ಟಿದ್ದು ಯಾರು?"

"ನಾನೇ."

ಲೆತೆಬ್ರಾನ್ ಮಗಳ ಹೆಗಲ ಮೇಲಿದ್ದ ಹೊದಿಕೆಯನ್ನು ಮೆಲ್ಲಗೆ ಎಳೆದುಕೊಂಡಳು. ಕೊನೆಯ ಅಂಚಿನವರೆಗೂ ಅದನ್ನು ತನ್ನೊಬ್ಬಳಿಗೇ ಸುತ್ತಿಕೊಂಡು, ಅಬ್ರೆಹೆತಳ ಕಡೆಗೆ ತಿರುಗಿ ಕೂತಳು.