ಒಳಗ ಹಾಕು, ಹೊರಗ ಹಾಕು

ಆ ಹುಡುಗಿ ನಕ್ಕಳು, ಕಾನ್ಪುರದ ಸಾಫ್ಟ್‌ಬಾಲ್ ತಂಡದ ಬೆಂಚಿನ ತುದಿಯಲ್ಲಿ ಕೂತವಳು, ಅಂಗೈಯಿಂದ ಬಾಯಿ ಮುಚ್ಚಿಕೊಂಡು — ಯಾಕೆ ನಕ್ಕಳೆಂದು ಕೋಚ್ ತೋಂಟೇಶನಿಗೆ ಹೊಳೆಯಲಿಲ್ಲ, ತಾನು ಬೈದದ್ದು ಕನ್ನಡದಲ್ಲಿ, ಚೆಂಡು ಕೈಬಿಟ್ಟ ತನ್ನದೇ ತಂಡದವಳಿಗೆ, ಎಮ್ಮಿ ನಿಂತಾಂಗ ನಿಂತೀಯಲ್ಲ ಅಂತ, ಕಾಶಿಯ ಈ ಲಂಕಾ ಬಡಾವಣೆಯ ಮೈದಾನದಲ್ಲಿ ಅದು ಯಾರಿಗೆ ತಿಳಿಯಬೇಕು, ಎಂದುಕೊಳ್ಳುತ್ತಿದ್ದಂತೆ ಅವನಿಗೆ ಗುರುತು ಹತ್ತಿತು, ಆ ಮೂಗು, ಆ ಗಲ್ಲದ ಕುಳಿ, ದಶಾಶ್ವಮೇಧ ಘಾಟಿನಲ್ಲಿ ನಮ್ಮ ಕಡೆಯ ಯಾತ್ರಿಕರಿಗೆ ಪಿಂಡ ಹಾಕಿಸುವ ನರಸಿಂಹ ಭಟ್ಟರ ಮಗಳು ಶ್ರೀರಮಾ, ಓದಲು ಕಾನ್ಪುರದ ಹಾಸ್ಟೆಲಿಗೆ ಹೋದವಳು, ಮನೆಮಾತು ಕನ್ನಡ. ಅದಕ್ಕೇ ಎರಡು ಇನಿಂಗ್ಸಿನಿಂದ ಅವರ ಬ್ಯಾಟು ತಪ್ಪುತ್ತಿಲ್ಲ, ಒಳಗ ಅಂದರೆ ಹಿಂದೆ ಸರಿದು ಹೊಡೆಯುತ್ತಾರೆ, ಮೆತ್ತಗ ಅಂದರೆ ಕಾದು ಹೊಡೆಯುತ್ತಾರೆ, ನಾನು ಬಾಯಿ ಬಿಟ್ಟರೆ ಸಾಕು ಅವಳು ಹಿಂದಿಯಲ್ಲಿ ದಾಟಿಸುತ್ತಾಳೆ. ಬೇರೆ ಕೋಚುಗಳು ಚೆಂಡು ಎಸೆಯುವ ಪಿಚರ್‌ಗೆ ಬೆರಳಲ್ಲಿ ಹೇಳುತ್ತಾರೆ, ಟೋಪಿ ಮುಟ್ಟಿದರೆ ಒಂದು ಎಸೆತ, ಕಿವಿ ಹಿಡಿದರೆ ಇನ್ನೊಂದು, ಮಂಗನಾಟ ಎಂದು ನಕ್ಕವನು ತಾನು, ಇಲ್ಲಿನ ಮೈದಾನದಲ್ಲಿ ಯಾರಿಗೂ ಬಾರದ ಮಾತು ಬಾಯಲ್ಲಿರುವಾಗ ಕಿವಿ ಯಾಕೆ ಹಿಂಡಿಕೊಳ್ಳಬೇಕು, ಗಟ್ಟಿ ಅಂದರೆ ಜೋರು, ಮೆತ್ತಗ ಅಂದರೆ ನಿಧಾನ, ಒಳಗ ಅಂದರೆ ಮೈಹತ್ತಿರ, ಹೊರಗ ಅಂದರೆ ದೂರ, ನಾಲ್ಕೇ ಮಾತು, ಚೆಂಡು ಹಿಡಿಯುವ ಅದಿತಿ ಇದೇ ಊರಿನವಳು, ಅವಳೂ ಕಲಿತಳು, ದೋ ಔರ್ ಸಿಖಾ ದೀಜಿಯೇ ಸರ್, ದೋಸಾ ಮಾಂಗನೇ ಕೇ ಲಿಯೇ, ಎಂದು ದೋಸೆ ಕೇಳಲು ಇನ್ನೆರಡು ಮಾತು ಬೇಡಿ ಹಲ್ಲು ಕಿರಿದಳು. ಆದರೆ ಪಿಚರ್ ವಚನಾ ನಗುತ್ತಿರಲಿಲ್ಲ, ಇಲ್ಲಿನ ಕನ್ನಡ ಮಠದ ಪ್ರಭುಲಿಂಗಯ್ಯನವರ ಮಗಳು, ಹನ್ನೆರಡಕ್ಕೆ ಕೈಗೆ ಬಂದವಳು ಈಗ ಹದಿನಾರು, ಪ್ರತಿ ಎಸೆತಕ್ಕೂ ಮುಂಚೆ ಮುಖ ತಿರುಗಿಸಿ ತನ್ನನ್ನೇ ನೋಡುತ್ತಿದ್ದಳು, ಹುಬ್ಬು ಎತ್ತಿ, ಬೆವರು ಒರೆಸದೆ, ಏನ್ ಹಾಕ್ಲಿ ಕಾಕಾ ಎನ್ನುವ ಹಾಗೆ.

ಈಗಲೂ ನೋಡುತ್ತಿದ್ದಾಳೆ. ಕೊನೆಯ ಇನಿಂಗ್ಸ್, ಒಂದೇ ಓಟ ಮುಂದಿದ್ದೇವೆ, ಅವರ ಇಬ್ಬರು ಔಟ್, ಇಬ್ಬರು ಹುಡುಗಿಯರು ಬೇಸಿನಲ್ಲಿ ಓಡಲು ಕಾದಿದ್ದಾರೆ, ಎದುರಿಗಿರುವವಳು ಎರಡು ಸ್ಟ್ರೈಕ್ ಕಳೆದುಕೊಂಡಿದ್ದಾಳೆ, ಮೂರನೆಯದು ಬಿದ್ದರೆ ಅವಳೂ ಔಟ್, ಆಟ ನಮ್ಮದು, ನಮ್ಮ ಹುಡುಗಿ ರಾಜ್ಯದ ತಂಡಕ್ಕೆ, ಒಂದು ಒಳ್ಳೆ ಹೊಡೆತ ಬಿದ್ದರೆ ಮುಗಿಯಿತು, ಟೈಮ್ ಎಂದು ಕೂಗಿ ತೋಂಟೇಶ ವಚನಾಳ ಬಳಿಗೆ ಓಡಿದ, ಮೊಣಕಾಲು ನೋವು ಮರೆತು, ಮೊದಲು ಆ ಶ್ರೀರಮಾಳನ್ನು ಬೈಯಬೇಕೆನಿಸಿತು, ಬೈದು ಏನು, ಅವಳದೇನು ತಪ್ಪು, ಕಿವಿ ಇದೆ, ಕೇಳಿಸಿಕೊಂಡಳು. ಅಲ್ಲಿ ಕನ್ನಡ ತಿಳಿಯೋಕಿ ಕುಂತಾಳವ್ವ, ನಾ ಇನ್ನ ಕೂಗಂಗಿಲ್ಲ. ಹಂಗಾರ ಏನ್ ಹಾಕ್ಲಿ? ಬಾಯಿಗೆ ಬಂದ ಗಟ್ಟಿಯನ್ನು ನುಂಗಿಕೊಂಡ, ಎರಡು ಇನಿಂಗ್ಸು ಹೇಳಿ ಹೊಡೆಸಿದವನು ತಾನು, ನನಗ ಗೊತ್ತಿಲ್ಲ, ಎಂದ, ಇಪ್ಪತ್ತು ವರ್ಷದಲ್ಲಿ ಯಾವ ಹುಡುಗಿಯ ಎದುರೂ ಆಡದ ಮಾತು. ಅವಳು ಚೆಂಡಿನ ಹೊಲಿಗೆಯನ್ನು ಉಗುರಿನಿಂದ ಕೆರೆದಳು, ಅಕಿ ಕಾಲು ಜಲ್ದಿ ಎತ್ತತಾಳ ಕಾಕಾ, ಮೆತ್ತಗ ಹೊರಗ ಹಾಕಿದ್ರ ಬ್ಯಾಟ್ ಮೊದಲ ಹೋಗಿಬಿಡ್ತದ, ನನಗ ದೂಸ್ರೀ ಇನಿಂಗ್ಸಿನಾಗ ಪತಾ ಆತು. ಎರಡನೇ ಇನಿಂಗ್ಸಿನಾಗ? ಮತ್ತ ಯಾಕ ಹೇಳಲಿಲ್ಲ ಹುಚ್ಚಿ? ನೀವ ಅಂದಿದ್ರಲ್ಲ, ಯೋಚನಿ ಮಾಡಾಕ ನಾ ಅದೀನಿ, ನೀ ಬರೇ ಒಗಿ ಅಂತ. ಅಂದಿದ್ದ, ಹೌದು, ಹೋದ ಚಳಿಗಾಲ, ಅವಳು ಒಂದು ಸಲ ತಲೆ ಅಲ್ಲಾಡಿಸಿ ಬೇಡ ಅಂದದ್ದಕ್ಕೆ, ಎಲ್ಲರ ಎದುರು ಗಂಟಲು ಹರಿಯುವಂತೆ, ಹುಡುಗಿ ಅಳಲಿಲ್ಲ, ಮರುದಿನದಿಂದ ತಲೆ ಅಲ್ಲಾಡಿಸುವುದನ್ನೇ ಬಿಟ್ಟಳು, ಶಿಸ್ತು ಬಂತು ಎಂದು ತಾನು ಪ್ರಭುಲಿಂಗಯ್ಯನವರ ಮುಂದೆ ಮೀಸೆ ತಿರುವಿದ್ದ.

ನಿನಗ ತಿಳಿದದ್ದು ಹಾಕವ್ವ, ಎಂದ. ಹೊಡೆದ್ರ? ಹೊಡೀಲಿ, ನಾ ಬೈಯಂಗಿಲ್ಲ. ಅಂಪೈರ್ ಗದರಿದ, ತೋಂಟೇಶ ಗೆರೆಗೆ ಹಿಂದಿರುಗಿದ, ತಿರುಗಿದರೆ ಮತ್ತೆ ಅದೇ, ಹುಡುಗಿ ಕತ್ತು ಹೊರಳಿಸಿ ತನ್ನನ್ನೇ ನೋಡುತ್ತಾಳೆ, ಅಭ್ಯಾಸ, ನಾಲ್ಕು ವರ್ಷ ತಾನೇ ಮಾಡಿಸಿದ್ದು, ನನ್ನ ಮುಖದಾಗ ಏನೈತಿ, ಹುಬ್ಬು ಅಲುಗಿದರೂ ಅದನ್ನೇ ಅಪ್ಪಣೆ ಎಂದುಕೊಳ್ಳುತ್ತಾಳೆ, ನೋಡಲು ಮುಖವೇ ಇರಬಾರದು, ತೋಂಟೇಶ ಮೈದಾನಕ್ಕೆ ಬೆನ್ನು ಮಾಡಿ ನಿಂತ. ಎದುರಿಗೆ ತಂತಿಬೇಲಿ, ಅದರಾಚೆ ಸೈಕಲ್ ಆನಿಸಿಕೊಂಡ ಒಬ್ಬ ಕಡಲೆಕಾಯಿ ಸುಲಿಯುತ್ತ ತನ್ನನ್ನು ಹುಚ್ಚನಂತೆ ನೋಡುತ್ತಾನೆ, ಅರೇ ಕೋಚ್ ಸಾಬ್, ಮ್ಯಾಚ್ ಉಧರ್ ಹೈ, ಎಂದು ಆಟದತ್ತ ಬೆರಳು ಮಾಡುತ್ತಾನೆ, ಬಾಯಿ ಮುಚ್ಚೋ ಅನ್ನಬೇಕು, ಅನ್ನಲಿಲ್ಲ, ಹಿಂದೆ ಸದ್ದಿಲ್ಲ, ಇನ್ನೂ ಎಸೆದಿಲ್ಲ, ಅಂದರೆ ಇನ್ನೂ ಇತ್ತಲೇ ನೋಡುತ್ತಿದ್ದಾಳೆ, ನನ್ನ ಬೆನ್ನನ್ನು, ಒಗಿಯವ್ವ, ತಿರುಗಬಾರದು, ತಿರುಗಿದರೆ ನಾನು ಸೋತೆ, ಒಗಿ — ಮಣ್ಣಿನ ಮೇಲೆ ಬೂಟು ಉಜ್ಜಿದ ಸದ್ದು, ಗಾಳಿಯನ್ನು ಸೀಳಿದ ಬ್ಯಾಟು, ಒಂದು ಕ್ಷಣ ತಡವಾಗಿ ಅದಿತಿಯ ಗ್ಲೌಸಿನೊಳಗೆ ಧಪ್ಪೆಂದು ಚೆಂಡು, ಅಂಪೈರ್ ಔಟ್ ಎಂದ, ಯಾರೋ ಕಿರುಚಿದರು, ಎಲ್ಲರೂ ಕಿರುಚಿದರು, ಕಡಲೆಕಾಯಿಯವನು ಬೇಲಿ ಹಿಡಿದು ಕುಣಿಯುತ್ತಿದ್ದಾನೆ, ತೋಂಟೇಶನಿಗೆ ತಿರುಗಲಾಗುತ್ತಿಲ್ಲ, ಕಣ್ಣ ತುಂಬ ಆ ಮುಖ, ಹನ್ನೆರಡರದು, ಹದಿನಾರರದು, ಹುಬ್ಬು ಎತ್ತಿ, ಬೆವರು ಒರೆಸದೆ, ಗೊತ್ತಿದ್ದೂ ಕೇಳುತ್ತಿದ್ದ ಆ ಮುಖ, ಆ ಮುಖ —