ಹರಾಜಿಗಿಟ್ಟ ಹೇರಳೆಕಾಯಿ ಜಾಡಿ

"ಈ ಸಲ ಸುಗ್ಗಿ ಹಬ್ಬದ ಹರಾಜಿನ ದುಡ್ಡೆಲ್ಲ ಹೊಸ ಚರ್ಚಿನ ಗೋಡೆಗೆ. ಮನೆಯಲ್ಲಿ ಒಳ್ಳೆಯದು ಏನಿದೆಯೋ ಅದನ್ನೇ ತನ್ನಿ," ಎಂದು ಪಾದ್ರಿ ಅಯ್ಯನವರು ಆರಾಧನೆಯ ಕೊನೆಯಲ್ಲಿ ಕೇಳಿಕೊಂಡಿದ್ದರು. ಪಾಯ ಹಾಕಿ ನಿಂತುಹೋದ ಜಾಗದಲ್ಲಿ ಆಗಲೇ ಹುಲ್ಲು ಬೆಳೆದಿತ್ತು. ಸಭೆ ಇನ್ನೂ ಕುಂಬಾರಕೊಪ್ಪಲಿನ ಶಾಲೆಯೊಂದರ ಹಾಲಿನಲ್ಲೇ ಸೇರುತ್ತಿತ್ತು.

ಕಮಲ ಹೇರಳೆಕಾಯಿ ಉಪ್ಪಿನಕಾಯಿ ಹಾಕಿದಳು. ಅವಳಿಗೆ ಬಿ.ಪಿ., ಡಾಕ್ಟರು ಉಪ್ಪಿನಕಾಯಿ ಮುಟ್ಟಬೇಡಿ ಎಂದಿದ್ದರು. ತಿನ್ನುತ್ತಿದ್ದ ಅಮ್ಮ ತೀರಿಕೊಂಡು ವರ್ಷವಾಗುತ್ತಾ ಬಂದಿತ್ತು. ಯಾರದಾದರೂ ಮನೆಯಲ್ಲಿ ಮೊಸರನ್ನದ ಜೊತೆ ಇದು ಖರ್ಚಾಗಲಿ, ಯಾರಾದರೂ ಇನ್ನೊಂದು ಹೋಳು ಕೇಳಲಿ ಎಂದು ಅವಳಿಗೆ ಆಸೆ. ಜಾಡಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಬಿಚ್ಚಿಕೊಳ್ಳದಂತೆ ಎರಡು ಗಂಟು ಹಾಕಿದಳು.

ಹರಾಜು ಕೂಗುವವನು ವಸಂತ್. "ನೋಡ್ರಪ್ಪಾ ಪರಂಗಿಹಣ್ಣು, ನಮ್ಮ ಖಜಾಂಚಿ ಸಾಹೇಬ್ರ ತಲೆ ಥರ ಫಳಫಳ ಅಂತಿದೆ!"

"ಲೋ, ನನ್ನ ತಲೆ ಯಾರೂ ಕೊಳ್ಳಲ್ಲ ಕಣೋ, ಹಣ್ಣು ಮಾರು!" ಎಂದರು ಖಜಾಂಚಿ. ಹಾಲೆಲ್ಲ ನಗು.

ಆ ಹರಾಜಿಗೊಂದು ಮರ್ಯಾದೆ ಇತ್ತು. ತಂದ ಮನೆಯವರೇ ಮೊದಲು ಕೂಗಬೇಕು. ಮಿಕ್ಕವರು ತಮಾಷೆಗೆ ಬೆಲೆ ಏರಿಸುತ್ತಾರೆ. ಕೊನೆಗೆ ಮನೆಯವರಿಗೇ ಬಿಟ್ಟುಕೊಡುತ್ತಾರೆ. ಹೆಂಡತಿ ಮಾಡಿದ ಕೇಕನ್ನು ಗಂಡ ಮೂರುಪಟ್ಟು ಕೊಟ್ಟು ಬಿಡಿಸಿಕೊಂಡು ಹೋಗುತ್ತಾನೆ. ಕಮಲಳ ಜಾಡಿಗೆ ಪ್ರತಿ ವರ್ಷ ಅಮ್ಮ ಕೂಗುತ್ತಿದ್ದಳು, ಕರ್ಚೀಫಿನ ಗಂಟು ಬಿಚ್ಚುತ್ತಾ.

"ಕಮಲಕ್ಕನ ಹೇರಳೆಕಾಯಿ!" ವಸಂತ್ ಜಾಡಿ ಎತ್ತಿ ಹಿಡಿದ. "ಯಾರು ಕೂಗ್ತೀರಿ?"

ಯಾರೂ ಕೂಗಲಿಲ್ಲ. ಎಲ್ಲರೂ ಮನೆಯವರ ಕೂಗಿಗಾಗಿ ಕಾಯುತ್ತಿದ್ದರು. ಕೆಲವರು ಅಭ್ಯಾಸದಂತೆ ಅವಳ ಪಕ್ಕಕ್ಕೆ ನೋಡಿದರು. ಅಲ್ಲಿ ಅವಳ ಕೊಡೆ, ಬೈಬಲ್ಲು ಇದ್ದವು.

"ಕೂಗ್ರೀ, ಕೈ ನೋಯ್ತದೆ!"

ಕೊನೆಗೆ ಕಮಲ ತಾನೇ ಕೈ ಎತ್ತಿದಳು. "ಐವತ್ತು."

ಅಣೆಕಟ್ಟು ಒಡೆದಂತಾಯಿತು. ಅರವತ್ತು, ಎಂಬತ್ತು, ನೂರು! ಹಿಂದಿನಿಂದ ದೇವಪುತ್ರಪ್ಪನವರು ಗಂಟಲು ಸರಿಮಾಡಿಕೊಂಡರು. ಹಾರ್ಡ್‌ವೇರ್ ಅಂಗಡಿ ಇಟ್ಟವರು, ಮನೆ ತುಂಬ ಜನ. "ಇನ್ನೂರು!"

"ಕಮಲಕ್ಕ, ಇನ್ನೊಂದು ಕೂಗು ಹಾಕಿ, ನಿಮ್ಮನೆಗೇ ಬುಟ್ಬುಡ್ತಾರೆ," ಎಂದ ವಸಂತ್.

ಅವಳ ಪರ್ಸಿನಲ್ಲಿ ದುಡ್ಡಿತ್ತು. ಬಾಯಿ ಬಿಗಿಹಿಡಿದಳು. ಹೋಗಲಿ, ಆ ಮನೆಗೇ ಹೋಗಲಿ.

"ಒಂದು ಸಲ... ಎರಡು ಸಲ..." ವಸಂತ್ ಅವಳನ್ನೇ ನೋಡುತ್ತಾ ಎಳೆದ. "ಮೂರು ಸಲ!"

ದೇವಪುತ್ರಪ್ಪನವರ ಹೆಂಡತಿ ಮಂಗಳಮ್ಮ ಜಾಡಿಯನ್ನು ತೊಡೆಯ ಮೇಲಿಟ್ಟುಕೊಂಡರು. ಮುಂದೆ ಹರಾಜಾದ ಕೋಳಿ, ಬೂದುಗುಂಬಳ ಯಾವುದನ್ನೂ ಕಮಲ ನೋಡಲಿಲ್ಲ. ನಾಳೆ ಅವರ ಮನೆಯಲ್ಲಿ ಮಧ್ಯಾಹ್ನ ಊಟಕ್ಕೆ ಎಷ್ಟು ತಟ್ಟೆ ಹಾಕುತ್ತಾರೋ ಎಂದು ಯೋಚಿಸುತ್ತಿದ್ದಳು.

ಗೇಟಿನ ಹತ್ತಿರ ಮಂಗಳಮ್ಮ ಅವಳನ್ನು ಹಿಡಿದರು. "ತಗೊಳ್ಳಮ್ಮ ನಿಮ್ಮ ಜಾಡಿ. ಇವರಿಗೆ ಬುದ್ಧಿ ಇಲ್ಲ, ಒಂಟಿ ಹೆಂಗಸಿನ ಮೇಲೆ ಹಂಗಾ ಏರ್ಸೋದು?"

"ಅಯ್ಯೋ, ಇಲ್ಲ ಮಂಗಳಮ್ಮ, ನೀವೇ ಇಟ್ಕೊಳ್ಳಿ. ನಿಮಗೆ ಅಂತಲೇ..."

"ದುಡ್ಡು ಕಟ್ಟಾಯ್ತು ಕಣಮ್ಮ, ಚರ್ಚಿಗೆ ಸೇರ್ತು. ಸಂಕೋಚ ಬೇಡ." ಜಾಡಿಯನ್ನು ಅವಳ ಕೈಗೆ ಒತ್ತಿ, ಕೆನ್ನೆ ಸವರಿ ಹೋದರು. ಅವರ ಕಣ್ಣಲ್ಲಿ ನಿಜವಾದ ಮರುಕವಿತ್ತು. ಕಮಲ ಜಾಡಿಯನ್ನು ಸೊಂಟಕ್ಕೆ ಅವುಚಿಕೊಂಡು ಮನೆ ಕಡೆ ನಡೆದಳು.

ಮನೆಯಲ್ಲಿ ಜಾಡಿಯನ್ನು ಅಡುಗೆಕಟ್ಟೆಯ ಮೇಲಿಟ್ಟಾಗ ಕಂಡಿತು: ಬಟ್ಟೆಗೆ ಒಂದೇ ಗಂಟಿತ್ತು, ಅದೂ ಸಡಿಲವಾಗಿ. ಬಿಚ್ಚಿದಳು. ನುಣ್ಣಗೆ ಸವರಿಟ್ಟಿದ್ದ ಮಸಾಲೆಯ ಮೇಲೆ ಬೆರಳು ಅದ್ದಿ ತೆಗೆದ ಒಂದು ಗುಳಿ. ಹಾಲಿನಲ್ಲಿ ಹರಾಜು ನಡೆಯುತ್ತಿದ್ದಾಗ ಮಂಗಳಮ್ಮ ತಡೆಯಲಾರದೆ ನೆಕ್ಕಿ ನೋಡಿದ್ದರು.

ಕಮಲ ಚಮಚ ತಂದು ಅದನ್ನು ಮಟ್ಟ ಮಾಡಲಿಲ್ಲ. ಹಾಗೆಯೇ ಬಟ್ಟೆ ಮುಚ್ಚಿ, ಒಂದೇ ಗಂಟು ಹಾಕಿದಳು.